ಧ್ಯಾನಕೂಟಕ್ಕೆ ಹೊರಡುವ ಮೊದಲು ಮನೆಯಲ್ಲೊಂದು ಕುರ್ಚಿ

ಪ್ರಶ್ನೆ: ನಾನು ಹಾಸನದ ಕಡೆಯವಳು. ಪ್ರೌಢಶಾಲೆಯಲ್ಲಿ ಟೀಚರ್, ವಯಸ್ಸು 46. ನಮ್ಮದು ಕ್ಯಾಥೊಲಿಕ್ ಮನೆತನ. ಭಾನುವಾರದ ಪೂಜೆ, ಸಂಜೆಯ ಜಪಸರ ಯಾವತ್ತೂ ತಪ್ಪಿಸಿಲ್ಲ. ಆದರೆ ಎರಡು ವರ್ಷದಿಂದ ಪ್ರಾರ್ಥನೆಯ ಮಾತುಗಳೆಲ್ಲ ಬರೀ ಬಾಯಿಪಾಠ ಅನ್ನಿಸತೊಡಗಿದೆ. ಬೆಂಗಳೂರಿನ ಗೆಳತಿಯೊಬ್ಬಳು ಅವರ ಧ್ಯಾನದ ಗುಂಪಿನ ವಿಷಯ ಹೇಳಿದಳು. ಅವರ ಧ್ಯಾನವನ್ನೇ ಫೋನಿನಲ್ಲಿ ಹಾಕಿಕೊಂಡು ಕೂತೆ. ಐದು ನಿಮಿಷಕ್ಕೆ ನಾಳೆಯ ತಿಂಡಿ, ಪರೀಕ್ಷೆಯ ಪೇಪರ್, ಮಗನ ಫೀಸು ಎಲ್ಲ ಬಂದು ಕೂತವು. ನಮ್ಮತ್ತೆ ಬೇರೆ, 'ಇದು ನಮ್ಮ ಧರ್ಮದ್ದಾ, ಬೇರೆಯವರದ್ದಾ?' ಅಂತ ಕೇಳುತ್ತಿದ್ದಾರೆ. ನಮ್ಮೂರಲ್ಲಿ ಇಂಥ ಗುಂಪಿಲ್ಲ. ಬೇಸಿಗೆ ರಜೆಯಲ್ಲಿ ಹತ್ತು ದಿನ ಎಲ್ಲಾದರೂ ಧ್ಯಾನಕೂಟಕ್ಕೆ (ರಿಟ್ರೀಟ್‌ಗೆ) ಹೋಗಿ ಸರಿಯಾಗಿ ಕಲಿತುಬಿಡೋಣ ಅಂತಿದ್ದೇನೆ. ಎಲ್ಲಿಗೆ ಹೋಗಲಿ?

ಉತ್ತರ: ಹತ್ತು ದಿನ ಬೇಡ. ಈ ರಜೆಯಲ್ಲಂತೂ ಬೇಡ. ಎಲ್ಲಿಗೆ ಹೋಗಬಹುದು ಅಂತ ಆಮೇಲೆ ಹೇಳುತ್ತೇನೆ. ಮೊದಲು ಯಾಕೆ ಬೇಡ ಅನ್ನುತ್ತೇನೆ ಕೇಳಿ.

ನಾನೂ ಹೀಗೇ ಶುರು ಮಾಡಿದವಳು. ಮನೆಯಲ್ಲಿ ಹತ್ತು ನಿಮಿಷ ಕೂತು ಗೊತ್ತಿರಲಿಲ್ಲ, ನೇರ ಎಂಟು ದಿನದ ಮೌನದ ಕೂಟಕ್ಕೆ ಹೋದೆ. ಮೊದಲ ದಿನ ಹಬ್ಬದ ಹಾಗಿತ್ತು. ಎರಡನೇ ದಿನ ಬರೀ ನಿದ್ದೆ. ಮೂರನೇ ದಿನ ಮಧ್ಯಾಹ್ನ ಊಟದ ಕೋಣೆಯಲ್ಲಿ ಸ್ಟೀಲ್ ತಟ್ಟೆಗಳ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಇದ್ದಕ್ಕಿದ್ದ ಹಾಗೆ ಅಳು ಬಂತು. ಎಂದೋ ತೀರಿಕೊಂಡಿದ್ದ ಅಪ್ಪನ ನೆನಪು. ನಿಲ್ಲಲೇ ಇಲ್ಲ. ನಡೆಸುತ್ತಿದ್ದವರು ಇಬ್ಬರು, ಬಂದವರು ನಲವತ್ತು ಜನ. ನನ್ನ ಜೊತೆ ಕೂತು ಮಾತಾಡುವಷ್ಟು ಪುರುಸೊತ್ತು ಅವರಿಗಿರಲಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ಚೀಲ ಹೆಗಲಿಗೆ ಹಾಕಿಕೊಂಡು ಬಸ್ ಹತ್ತಿ ಬಂದುಬಿಟ್ಟೆ. ಆಮೇಲೆ ಒಂದೂವರೆ ವರ್ಷ ಧ್ಯಾನದ ಹೆಸರೆತ್ತಿದರೆ ಆಗುತ್ತಿರಲಿಲ್ಲ. ಮೌನದ್ದೇನೂ ತಪ್ಪಿಲ್ಲ ಬಿಡಿ. ಈಜು ಬಾರದವಳು ಹೊಳೆಯ ನಡುವಿಗೆ ಹೋಗಿ ಇಳಿದಿದ್ದೆ.

ಈಗ ಹದಿನಾಲ್ಕು ವರ್ಷದಿಂದ ಮೈಸೂರಿನಲ್ಲಿ ವಾರಕ್ಕೊಮ್ಮೆ ಒಂದು ಸಣ್ಣ ಗುಂಪು ನಡೆಸುತ್ತಿದ್ದೇನೆ. ಬಂದವರನ್ನೆಲ್ಲ ನೋಡಿ ನನಗೆ ಅನ್ನಿಸಿರುವುದು ಇಷ್ಟು. ಮನೆಯಲ್ಲಿ ದಿನಾ ಕೂರುವ ಆ ಇಪ್ಪತ್ತು ನಿಮಿಷವೇ ಊಟ. ಗುಂಪು ಉಪ್ಪಿನಕಾಯಿ ಇದ್ದ ಹಾಗೆ, ರುಚಿ ಹುಟ್ಟಿಸುತ್ತದೆ. ಧ್ಯಾನಕೂಟ ವರ್ಷಕ್ಕೊಮ್ಮೆ ಬರುವ ಹಬ್ಬದೂಟ. ಹಬ್ಬದೂಟ ನಂಬಿಕೊಂಡು ವರ್ಷವಿಡೀ ಉಪವಾಸ ಇರುವವರು ಜಾಸ್ತಿ.

ಅತ್ತೆಯವರ ಪ್ರಶ್ನೆಗೆ ಮೊದಲು ಬರುತ್ತೇನೆ. ಅದಕ್ಕೆ ಉತ್ತರ ಸಿಗದಿದ್ದರೆ ನೀವು ನಿಮ್ಮ ಮನೆಯಲ್ಲೇ ಕದ್ದು ಕೂರಬೇಕಾಗುತ್ತದೆ, ಅಲ್ವಾ?

ಈಗ ಹಲವು ದೇಶಗಳಲ್ಲಿ ನಡೆಯುತ್ತಿರುವ ಕ್ರೈಸ್ತ ಧ್ಯಾನದ ಗುಂಪುಗಳಿಗೆ ಮೂಲ ಜಾನ್ ಮೇನ್ ಎಂಬ ಬೆನೆಡಿಕ್ಟೈನ್ ಸನ್ಯಾಸಿ, ಅಂದರೆ ಸಂತ ಬೆನೆಡಿಕ್ಟರ ನಿಯಮ ಪಾಲಿಸುವ ಕ್ಯಾಥೊಲಿಕ್ ಮಠದವರು. 1926ರಲ್ಲಿ ಲಂಡನ್ನಿನಲ್ಲಿ ಹುಟ್ಟಿದವರು. ಸನ್ಯಾಸಕ್ಕೆ ಮುಂಚೆ, 1950ರ ದಶಕದಲ್ಲಿ, ಬ್ರಿಟಿಷ್ ಸರ್ಕಾರದ ನೌಕರಿಯಲ್ಲಿ ಮಲಯಕ್ಕೆ (ಈಗಿನ ಮಲೇಷ್ಯಾಕ್ಕೆ) ಹೋಗಿದ್ದರು. ಅಲ್ಲಿ ಕೌಲಾಲಂಪುರದ ಹತ್ತಿರ ಸ್ವಾಮಿ ಸತ್ಯಾನಂದ ಎಂಬ ಹಿಂದೂ ಸನ್ಯಾಸಿ ಅನಾಥ ಮಕ್ಕಳಿಗಾಗಿ ಆಶ್ರಮ ನಡೆಸುತ್ತಿದ್ದರು. ಯಾವುದೋ ಸರ್ಕಾರಿ ಕೆಲಸಕ್ಕೆ ಹೋದ ಜಾನ್ ಮೇನ್, ನೀವು ಹೇಗೆ ಪ್ರಾರ್ಥನೆ ಮಾಡುತ್ತೀರಿ ಅಂತ ಅವರನ್ನು ಕೇಳಿದರು. ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಕೂತು ಒಂದೇ ಒಂದು ಮಂತ್ರವನ್ನು ಮನಸ್ಸಿನಲ್ಲಿ ಹೇಳಿಕೊಳ್ಳುವುದು. ಅಷ್ಟೇ. ನನಗೂ ಕಲಿಸುತ್ತೀರಾ ಅಂದಾಗ ಸ್ವಾಮಿಗಳು, ನೀನು ಕ್ರೈಸ್ತ, ಆದ್ದರಿಂದ ಕ್ರೈಸ್ತ ಮಂತ್ರವನ್ನೇ ಇಟ್ಟುಕೋ ಅಂದರು. ನನಗೆ ಈ ಕಥೆಯಲ್ಲಿ ತುಂಬ ಇಷ್ಟವಾಗುವುದು ಈ ಜಾಗ. ತನ್ನದನ್ನು ಹೇರದೆ ಬಂದವನನ್ನು ಅವನ ಮನೆಗೇ ವಾಪಸ್ ಕಳಿಸಿದರು.

ಆಮೇಲೆ ನಡೆದದ್ದು ನಿಮ್ಮತ್ತೆಗೆ ಇನ್ನೂ ಹಿಡಿಸಬಹುದು. 1959ರಲ್ಲಿ ಜಾನ್ ಮೇನ್ ಲಂಡನ್ನಿನ ಈಲಿಂಗ್ ಮಠ ಸೇರಿದರು. ಅಲ್ಲಿನ ಗುರು, ಈ ಧ್ಯಾನ ನಮ್ಮದಲ್ಲ, ಬಿಟ್ಟುಬಿಡು ಅಂದರು. ಥೇಟ್ ನಿಮ್ಮತ್ತೆಯ ಹಾಗೆ. ಜಾನ್ ಮೇನ್ ವಾದ ಮಾಡಲಿಲ್ಲ, ಬಿಟ್ಟರು. ಎಷ್ಟೋ ವರ್ಷದ ಮೇಲೆ, ಅಮೆರಿಕದ ವಾಷಿಂಗ್ಟನ್ನಿನಲ್ಲಿದ್ದಾಗ, ಹಳೇ ಸನ್ಯಾಸಿಗಳ ಬರಹ ಓದುತ್ತಾ ಜಾನ್ ಕ್ಯಾಸಿಯನ್‌ ಕೈಗೆ ಸಿಕ್ಕಿದರು. ಕ್ಯಾಸಿಯನ್ ನಾಲ್ಕನೇ ಶತಮಾನದ ಕೊನೆಯಲ್ಲಿ ಈಜಿಪ್ಟಿನ ಮರುಭೂಮಿಗೆ ಹೋಗಿ ಅಲ್ಲಿನ ಹಿರಿಯ ತಪಸ್ವಿಗಳನ್ನು ಕಂಡು ಬಂದವರು. ಐಸಾಕ್ ಎಂಬ ಹಿರಿಯರು ಹೇಳಿಕೊಟ್ಟದ್ದನ್ನು ಅವರು ಬರೆದಿಟ್ಟಿದ್ದಾರೆ. ಕೀರ್ತನೆಯ ಒಂದು ಸಾಲು ತೆಗೆದುಕೋ, 'ದೇವರೇ, ನನ್ನ ಸಹಾಯಕ್ಕೆ ಬಾ' ಅನ್ನುವ ಅರ್ಥದ್ದು. ಕೂತಾಗ, ನಡೆಯುವಾಗ, ಮಲಗುವಾಗ ಅದನ್ನೇ ಹೇಳುತ್ತಿರು. ಬೇರೆಲ್ಲ ಯೋಚನೆಯನ್ನೂ ಬಿಟ್ಟು ಆ ಒಂದು ಸಾಲಿನ ಬಡತನಕ್ಕೆ ಒಗ್ಗಿಕೋ. ಈ ಕ್ಯಾಸಿಯನ್ನನ್ನು ಓದಿರಿ ಅಂತ ಸಂತ ಬೆನೆಡಿಕ್ಟರೇ ಆರನೇ ಶತಮಾನದಲ್ಲಿ ತಮ್ಮ ಮಠದ ನಿಯಮದಲ್ಲಿ ಹೇಳಿದ್ದಾರೆ. ಮಲಯದಲ್ಲಿ ಹಿಂದೂ ಸನ್ಯಾಸಿಯಿಂದ ಕಲಿತದ್ದು ತಮ್ಮ ಮಠದ ಕಪಾಟಿನಲ್ಲೇ ಧೂಳು ತಿನ್ನುತ್ತಾ ಇತ್ತು.

1975ರಲ್ಲಿ ಈಲಿಂಗ್ ಮಠದಲ್ಲೇ ಸಾಮಾನ್ಯ ಜನರಿಗಾಗಿ ಮೊದಲ ಗುಂಪು ಶುರುವಾಯಿತು. ಎರಡು ವರ್ಷದ ಮೇಲೆ ಜಾನ್ ಮೇನ್ ಕೆನಡಾದ ಮಾಂಟ್ರಿಯಲ್‌ಗೆ ಹೋದರು. ಅಲ್ಲೇ 1982ರ ಡಿಸೆಂಬರ್‌ನಲ್ಲಿ ತೀರಿಕೊಂಡರು, 56 ವರ್ಷಕ್ಕೆ. ಕೆಲಸವನ್ನು ಮುಂದುವರಿಸಿದವರು ಅವರ ಶಿಷ್ಯ ಲಾರೆನ್ಸ್ ಫ್ರೀಮನ್. 1991ರಲ್ಲಿ ಈ ಗುಂಪುಗಳೆಲ್ಲ ಸೇರಿ ವರ್ಲ್ಡ್ ಕಮ್ಯುನಿಟಿ ಫಾರ್ ಕ್ರಿಶ್ಚಿಯನ್ ಮೆಡಿಟೇಶನ್ ಎಂಬ ಹೆಸರು ಇಟ್ಟುಕೊಂಡವು. ಭಾರತದಲ್ಲೂ ಅದರ ಗುಂಪುಗಳಿವೆ. ನಿಮ್ಮ ಗೆಳತಿ ಹೋಗುವುದು ಬಹುಶಃ ಇಂಥದ್ದಕ್ಕೇ.

ಅತ್ತೆಗೆ ಇಷ್ಟೆಲ್ಲ ಹೇಳುವುದು ಬೇಡ ಅನ್ನಿಸಿದರೆ ಅವರ ಕೈಯಲ್ಲಿರುವ ಜಪಸರವನ್ನೇ ತೋರಿಸಿ. ನಮ್ಮಜ್ಜಿ ಜಗಲಿಯಲ್ಲಿ ಕೂತು ಮಣಿ ಎಣಿಸುತ್ತಿದ್ದರು. ಕೊನೆಕೊನೆಗೆ ತುಟಿ ಅಲ್ಲಾಡುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಆಮೇಲೆ ತುಟಿಯೂ ನಿಲ್ಲುತ್ತಿತ್ತು. ನಿದ್ದೆ ಬಂತೇನೋ ಅಂತ ನಾವು ಮಕ್ಕಳು ನಗುತ್ತಿದ್ದೆವು. ನಿದ್ದೆಯಲ್ಲ ಅದು ಅಂತ ನನಗೆ ತಿಳಿಯಲು ನಲವತ್ತು ವರ್ಷ ಬೇಕಾಯಿತು.

ಅನುಮಾನ ಪೂರ್ತಿ ಬುಡವಿಲ್ಲದ್ದೂ ಅಲ್ಲ, ಅದನ್ನೂ ಹೇಳಬೇಕು. 1989ರಲ್ಲಿ ವ್ಯಾಟಿಕನ್ ಕ್ರೈಸ್ತ ಧ್ಯಾನದ ಬಗ್ಗೆಯೇ ಬಿಷಪರಿಗೆ ಒಂದು ಪತ್ರ ಬರೆಯಿತು. ಸಹಿ ಹಾಕಿದವರು ಕಾರ್ಡಿನಲ್ ರಾಟ್ಸಿಂಗರ್, ಮುಂದೆ ಪೋಪ್ ಹದಿನಾರನೇ ಬೆನೆಡಿಕ್ಟ್ ಆದವರು. ಮೈಯಲ್ಲಿ ಆಗುವ ಹಿತವಾದ ಅನುಭವವನ್ನೇ ಪವಿತ್ರಾತ್ಮರ ವರ ಅಂದುಕೊಳ್ಳಬೇಡಿ ಎಂಬ ಎಚ್ಚರಿಕೆ ಅದರಲ್ಲಿದೆ. ಬೇರೆ ಧರ್ಮಗಳ ಕ್ರಮಗಳನ್ನು ಕ್ರೈಸ್ತವಲ್ಲ ಎಂಬ ಒಂದೇ ಕಾರಣಕ್ಕೆ ತಳ್ಳಿಹಾಕಬಾರದು ಎಂಬ ಮಾತೂ ಅದರಲ್ಲೇ ಇದೆ. ನಿಮ್ಮ ಪಾದ್ರಿಗಳು ಮೊದಲ ಅರ್ಧ ಹೇಳಿದರೆ ನೀವು ಎರಡನೇ ಅರ್ಧ ನೆನಪಿಸಿ, ವಿನಯದಿಂದಲೇ.

ಇನ್ನು ಕೂರುವ ವಿಷಯ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಲೇಬೇಕು ಅಂತ ಏನಿಲ್ಲ. ಕೈಯಿಲ್ಲದ, ನೇರ ಬೆನ್ನಿನ ಊಟದ ಮೇಜಿನ ಕುರ್ಚಿ ಸಾಕು. ಪಾದ ಎರಡೂ ನೆಲಕ್ಕೆ ತಾಗಿರಲಿ, ಬೆನ್ನು ನೆಟ್ಟಗೆ, ಕೈ ತೊಡೆಯ ಮೇಲೆ, ಕಣ್ಣು ಹಗುರವಾಗಿ ಮುಚ್ಚಿರಲಿ. ಸೋಫಾ ಮಾತ್ರ ಬೇಡ. ಸೋಫಾದಲ್ಲಿ ಧ್ಯಾನ ಮಾಡಿದವರು ಗೊರಕೆ ಹೊಡೆದಿದ್ದೇ ಜಾಸ್ತಿ. ಆಮೇಲೆ ಒಂದು ಪದ. ಜಾನ್ ಮೇನ್ ಹೇಳಿಕೊಟ್ಟದ್ದು 'ಮಾರಾನಾಥಾ'. ಯೇಸು ಆಡುತ್ತಿದ್ದ ಅರಾಮಿಕ್ ಭಾಷೆಯದ್ದು, 'ಪ್ರಭುವೇ ಬನ್ನಿ' ಅಂತ ಅರ್ಥ. ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದ ಕೊನೆಯಲ್ಲಿದೆ. ಮಾ, ರಾ, ನಾ, ಥಾ. ನಾಲ್ಕಕ್ಕೂ ಒಂದೇ ತೂಕ ಕೊಟ್ಟು ಮನಸ್ಸಿನಲ್ಲೇ ಹೇಳಿಕೊಳ್ಳಿ, ಮೊದಲಿಂದ ಕೊನೆಯವರೆಗೆ.

ಈ ಪದ ನಮ್ಮ ಕನ್ನಡದ ಕಿವಿಯಲ್ಲಿ ಏನೇನೋ ಆಗುತ್ತದೆ. ನಮ್ಮ ಗುಂಪಿಗೆ ಬಂದ ಒಬ್ಬ ಅಮ್ಮನಿಗೆ ಇದು ಸೋಮನಾಥ, ಮಂಜುನಾಥ ಇದ್ದ ಹಾಗೆ ಯಾವುದೋ ದೇವರ ಹೆಸರು ಅನ್ನಿಸಿತ್ತು. ಇನ್ನೊಬ್ಬರ ಯಜಮಾನರು 'ಬೆಳಿಗ್ಗೆ ಎದ್ದು ಮರಣ ಮರಣ ಅಂತ ಯಾಕೆ ಜಪ ಮಾಡ್ತೀಯ?' ಅಂತ ಗಾಬರಿಯಾಗಿದ್ದರು. ಹೀಗೆ ಪದ ಗಂಟಲಲ್ಲಿ ಸಿಕ್ಕಿಕೊಂಡರೆ ಬಿಡಿ. 'ಯೇಸುವೇ' ಸಾಕು. ನಾನು ಕೆಲವರಿಗೆ 'ಅಪ್ಪಾ' ಅನ್ನುವುದನ್ನು ಹೇಳಿಕೊಡುತ್ತೇನೆ. ಗೆತ್ಸೆಮನೆ ತೋಟದಲ್ಲಿ ಯೇಸು ದೇವರನ್ನು ಕರೆದದ್ದು 'ಅಬ್ಬಾ' ಅಂತ, ತಂದೆಯನ್ನು ಕರೆಯುವ ಪದ ಅದು. ನಮ್ಮ ಮಕ್ಕಳು ಕರೆಯುವುದಕ್ಕೂ ಅದಕ್ಕೂ ಎಷ್ಟು ವ್ಯತ್ಯಾಸ ಹೇಳಿ? ಆದರೆ ಒಂದು ಪದ ಹಿಡಿದ ಮೇಲೆ ವಾರಕ್ಕೊಂದು ಬದಲಾಯಿಸಬೇಡಿ. ಬಾವಿ ತೋಡುವವರು ದಿನಾ ಜಾಗ ಬದಲಿಸಿದರೆ ನೀರು ಸಿಗುವುದಿಲ್ಲ.

ತಿಂಡಿ, ಪೇಪರ್, ಫೀಸು ಬಂದು ಕೂರುತ್ತವೆ ಅಂದಿರಲ್ಲ, ಅದು ಎಲ್ಲರಿಗೂ ಆಗುವುದೇ. ನನಗೂ ಈವತ್ತು ಬೆಳಿಗ್ಗೆ ಗ್ಯಾಸ್ ಬುಕ್ ಮಾಡಿದ್ದೇನೋ ಇಲ್ಲವೋ ಅನ್ನುವ ಯೋಚನೆ ಬಂತು. ಓಡಿಸಲು ಹೋಗಬೇಡಿ, ಓಡಿಸಲು ಹೋದರೆ ಅದೇ ಇನ್ನೊಂದು ಯೋಚನೆ. ಗೊತ್ತಾದ ಕೂಡಲೇ ಪದಕ್ಕೆ ವಾಪಸ್ ಬನ್ನಿ. ಇಪ್ಪತ್ತು ನಿಮಿಷದಲ್ಲಿ ಇನ್ನೂರು ಸಲ ಹೋಗಿ ಇನ್ನೂರು ಸಲ ಬಂದರೂ ಅದು ಧ್ಯಾನವೇ. ಈವತ್ತು ಚೆನ್ನಾಗಿ ಆಯಿತು, ನಿನ್ನೆ ಆಗಲಿಲ್ಲ ಅಂತ ಮಾರ್ಕ್ಸ್ ಹಾಕಬೇಡಿ. ಟೀಚರ್‌ಗಳಿಗೆ ಇದು ಸ್ವಲ್ಪ ಕಷ್ಟ, ಗೊತ್ತು.

ಜಾನ್ ಮೇನ್ ಹೇಳಿದ್ದು ದಿನಕ್ಕೆ ಎರಡು ಸಲ, ಪ್ರತಿ ಸಲ ಇಪ್ಪತ್ತರಿಂದ ಮೂವತ್ತು ನಿಮಿಷ. ನಿಮಗೆ ಮೊದಲ ತಿಂಗಳು ಬೆಳಿಗ್ಗೆ ಹತ್ತು ನಿಮಿಷ ಸಾಕು. ಸ್ಟವ್ ಹಚ್ಚುವ ಮುಂಚೆ ಕೂತುಬಿಡಿ, ಹಚ್ಚಿದ ಮೇಲೆ ಕೂತರೆ ಕುಕ್ಕರ್ ಕರೆಯುತ್ತದೆ. ಫೋನಿನಲ್ಲಿ ಅಲಾರಂ ಇಟ್ಟು ಬೋರಲು ಮಲಗಿಸಿ. ಹತ್ತು ನಿಮಿಷ ತಳವೂರಿದ ಮೇಲೆ ಹದಿನೈದು, ಇಪ್ಪತ್ತು ಮಾಡಿ. ಸಂಜೆಯದ್ದನ್ನು ಆಮೇಲೆ ಸೇರಿಸಿಕೊಂಡರಾಯಿತು. ಜಪಸರ ಬಿಡುವ ಪ್ರಶ್ನೆಯೇ ಇಲ್ಲ. ಧ್ಯಾನ ಶುರು ಮಾಡಿದ ಮೇಲೆ ಪೂಜೆಗೆ ಹೋಗುವುದು ಬಿಟ್ಟೆ ಅನ್ನುವವರು ಸಿಕ್ಕರೆ, ಏನೋ ತಪ್ಪಿದೆ ಅಂತ ನನಗೆ ಅನ್ನಿಸುತ್ತದೆ. ಸಾಮಾನ್ಯವಾಗಿ ಆಗುವುದು ಇದರ ಉಲ್ಟಾ. ಬಾಯಿಪಾಠ ಅನ್ನಿಸುತ್ತಿದ್ದ ಪರಲೋಕ ಮಂತ್ರದ ಯಾವುದೋ ಒಂದು ಸಾಲು ಒಂದು ದಿನ ಇದ್ದಕ್ಕಿದ್ದಂತೆ ಕೇಳಿಸುತ್ತದೆ.

ಈಗ ಗುಂಪು. ಊರಲ್ಲಿ ಗುಂಪಿಲ್ಲ ಅಂದಿರಿ. ಎಷ್ಟು ಜನ ಬೇಕು ಅಂದುಕೊಂಡಿದ್ದೀರಿ? ಇಬ್ಬರು ಸಾಕು. ಇಬ್ಬರು ಮೂವರು ಸೇರಿದಲ್ಲಿ ನಾನಿರುತ್ತೇನೆ ಅಂತ ಯೇಸುವೇ ಹೇಳಿದ್ದಾರೆ, ಕನಿಷ್ಠ ಹದಿನೈದು ಜನ ಅಂದಿಲ್ಲ. ನಾವು ಶುರು ಮಾಡಿದ್ದು ಮೂವರು, ಒಬ್ಬರ ಮನೆಯ ಕಾರ್ ಷೆಡ್ಡಿನಲ್ಲಿ. ಕಾರು ಹೊರಗೆ ಮಳೆಯಲ್ಲಿ ನೆನೆಯುತ್ತಿತ್ತು. ಮೊದಲ ವರ್ಷ ಎಷ್ಟೋ ಮಂಗಳವಾರ ನಾವಿಬ್ಬರೇ. ಒಂದೆರಡು ಸಲ ನಾನೊಬ್ಬಳೇ ಖಾಲಿ ಕುರ್ಚಿಗಳ ಎದುರು ಕೂತು ಎದ್ದು ಬಂದದ್ದೂ ಉಂಟು. ಈಗ ಹನ್ನೊಂದು ಜನ ಇದ್ದೇವೆ. ಸಿಎಸ್‌ಐ ಎಂಬ ಪ್ರೊಟೆಸ್ಟಂಟ್ ಸಭೆಯವರು ಮೂವರಿದ್ದಾರೆ. ಜಪಸರ ಅವರಲ್ಲಿಲ್ಲ, ಮೌನಕ್ಕೆ ಅದರಿಂದ ಏನೂ ಅಡ್ಡಿಯಾಗಿಲ್ಲ.

ನಡೆಸುವುದು ಹೇಗೆ ಅಂದರೆ, ಮೊದಲು ನಿಮ್ಮ ಧರ್ಮಕೇಂದ್ರದ, ಅಂದರೆ ಊರಿನ ಚರ್ಚಿನ, ಗುರುಗಳಿಗೆ ಹೇಳಿ. ಒಪ್ಪಿಗೆ ಕೇಳಿದಂತೆಯೂ ಆಯಿತು, ದೇವಾಲಯದ ಪಕ್ಕದ ಕೋಣೆ ಸಿಕ್ಕಿದಂತೆಯೂ ಆಯಿತು. ವಾರದಲ್ಲಿ ಒಂದೇ ದಿನ, ಒಂದೇ ಹೊತ್ತು, ಸಂಜೆ ಪೂಜೆ ಮುಗಿದ ಮೇಲೆ ಇದ್ದರೆ ಸುಲಭ. ಕುರ್ಚಿಗಳನ್ನು ದುಂಡಗೆ ಹಾಕಿ ನಡುವೆ ಒಂದು ಮೇಣದ ಬತ್ತಿ ಹಚ್ಚಿ. ಜಗತ್ತಿನ ಎಲ್ಲ ಗುಂಪುಗಳಲ್ಲೂ ಕ್ರಮ ಹೆಚ್ಚುಕಡಿಮೆ ಒಂದೇ. ಶುರುವಿಗೆ ಜಾನ್ ಮೇನ್ ಅಥವಾ ಲಾರೆನ್ಸ್ ಫ್ರೀಮನ್ ಅವರ ಧ್ವನಿಮುದ್ರಣ ಹತ್ತು ಹದಿನೈದು ನಿಮಿಷ ಕೇಳುತ್ತಾರೆ. ಆಮೇಲೆ ಇಪ್ಪತ್ತು ಇಪ್ಪತ್ತೈದು ನಿಮಿಷ ಮೌನ. ಕೊನೆಗೆ ಬೇಕಾದವರು ಎರಡು ಮಾತು ಆಡುತ್ತಾರೆ. ಒಟ್ಟು ಒಂದು ಗಂಟೆ. ಆ ಧ್ವನಿಮುದ್ರಣ ಇಂಗ್ಲಿಷಿನಲ್ಲಿದೆ. ನಮ್ಮ ಗುಂಪಿನಲ್ಲಿ ಆರು ತಿಂಗಳು ಹಾಕಿದೆವು. ಇಂಗ್ಲಿಷ್ ಬಲ್ಲವರು ತಲೆಯಾಡಿಸಿದರು, ಉಳಿದವರು ಗಡಿಯಾರ ನೋಡಿದರು. ಈಗ ಅದನ್ನು ಕೈಬಿಟ್ಟಿದ್ದೇವೆ. ಆ ಭಾನುವಾರದ ಶುಭಸಂದೇಶವನ್ನು ಕನ್ನಡದಲ್ಲಿ ನಿಧಾನವಾಗಿ ಎರಡು ಸಲ ಓದುತ್ತೇವೆ, ಬೇರೆ ಬೇರೆ ಧ್ವನಿಯಲ್ಲಿ. ವಿವರಣೆ ಇಲ್ಲ. ನೇರ ಮೌನಕ್ಕೆ ಹೋಗುತ್ತೇವೆ. ನಿಮಗೂ ಇದೇ ಹೊಂದೀತು ಅಂತ ನನ್ನ ಅಂದಾಜು.

ಗುಂಪು ಮುರಿಯುವುದು ಮೌನದಲ್ಲಲ್ಲ, ಅದರ ನಂತರದ ಮಾತಿನಲ್ಲಿ. ಯಾವ ಗುಂಪಿನಲ್ಲೂ ಒಬ್ಬರು ಬೋಧನೆ ಮಾಡುವವರು ಇರುತ್ತಾರೆ. ಇನ್ನೊಬ್ಬರಿಗೆ ಪ್ರತಿ ವಾರ ದರ್ಶನ ಆಗುತ್ತದೆ. ಮತ್ತೊಬ್ಬರು ಎಲ್ಲರ ತಲೆಯ ಮೇಲೆ ಕೈಯಿಟ್ಟು ಗಟ್ಟಿಯಾಗಿ ಪ್ರಾರ್ಥಿಸಲು ಎದ್ದು ನಿಲ್ಲುತ್ತಾರೆ. ಎಲ್ಲ ಒಳ್ಳೆಯವರೇ. ಆದರೆ ಮೂರು ವಾರ ಬಿಟ್ಟರೆ ನಿಮ್ಮ ಗುಂಪು ಅವರ ಗುಂಪಾಗಿರುತ್ತದೆ. ಅದಕ್ಕೇ ಮೊದಲ ದಿನವೇ ಹೇಳಿಬಿಡಿ: ಇಲ್ಲಿ ಒಬ್ಬರು ಇನ್ನೊಬ್ಬರನ್ನು ತಿದ್ದುವುದಿಲ್ಲ, ಇಲ್ಲಿ ಆಡಿದ ಮಾತು ಹೊರಗೆ ಹೋಗುವುದಿಲ್ಲ, ಮಾತು ಐದು ನಿಮಿಷ ದಾಟುವುದಿಲ್ಲ. ವಾಟ್ಸಾಪ್ ಗುಂಪು ಮಾಡಿದರೆ 'ಈ ವಾರ ಇದೆ', 'ಈ ವಾರ ಇಲ್ಲ' ಇಷ್ಟಕ್ಕೇ ಇರಲಿ. ಗುಡ್ ಮಾರ್ನಿಂಗ್ ಹೂವಿನ ಚಿತ್ರ ಬಂದ ದಿನ ಅರ್ಧ ಜನ ಮ್ಯೂಟ್ ಮಾಡುತ್ತಾರೆ. ಯಾರಾದರೂ ಗೊರಕೆ ಹೊಡೆದರೆ ಪಕ್ಕದವರು ಮೆಲ್ಲಗೆ ಮೊಣಕೈ ತಾಗಿಸಬಹುದು, ಅದು ಪಾಪವಲ್ಲ. ದುಡ್ಡು ಎತ್ತಬೇಡಿ. ಕೊನೆಗೆ ಕಾಫಿಯೂ ಬೇಡ ಅಂತ ನಾನು ಹೇಳಿದ್ದೆ, ಆ ಒಂದು ವಿಷಯದಲ್ಲಿ ಸೋತಿದ್ದೇನೆ.

ಸದ್ಯಕ್ಕೆ ಜೊತೆಗೆ ಯಾರೂ ಸಿಗದಿದ್ದರೆ ಗೆಳತಿಯ ಗುಂಪಿಗೆ ಆನ್‌ಲೈನ್‌ನಲ್ಲಿ ಸೇರಿಕೊಳ್ಳಿ. ಕೋವಿಡ್ ಕಾಲದಲ್ಲಿ ಎಷ್ಟೋ ಗುಂಪುಗಳು ಹಾಗೆ ಶುರುವಾಗಿ ಈಗಲೂ ನಡೆಯುತ್ತಿವೆ. ಪರದೆಯ ಮೇಲೆ ಕಣ್ಣು ಮುಚ್ಚಿದ ಮುಖಗಳನ್ನು ನೋಡುವುದು ಮೊದಲು ತಮಾಷೆ ಅನ್ನಿಸುತ್ತದೆ. ಆಮೇಲೆ ನಿಮ್ಮದೂ ಮುಚ್ಚಿರುತ್ತದಲ್ಲ.

ಕೊನೆಗೆ ಧ್ಯಾನಕೂಟ. ಈ ಪದದಲ್ಲೇ ಒಂದು ಎಡವಟ್ಟಿದೆ. ನಮ್ಮ ಕ್ಯಾಥೊಲಿಕ್ ಕನ್ನಡದಲ್ಲಿ ರಿಟ್ರೀಟ್ ಯಾವ ತರಹದ್ದಾದರೂ ಅದು 'ಧ್ಯಾನಕೂಟ'. ಮಲಯಾಳಿಗಳೂ ಅದನ್ನು 'ಧ್ಯಾನಂ' ಅನ್ನುತ್ತಾರೆ. ಆದರೆ ಅದರಲ್ಲಿ ಬಹುಪಾಲು ಧ್ಯಾನ ಇರುವುದಿಲ್ಲ. ಪ್ರವಚನ, ಹಾಡು, ಚಪ್ಪಾಳೆ, ಧ್ವನಿವರ್ಧಕ, ರೋಗಶಾಂತಿಯ ಪ್ರಾರ್ಥನೆ ಇರುತ್ತವೆ. ಕೇರಳದ ಮುರಿಂಗೂರಿನ ಡಿವೈನ್ ಕೇಂದ್ರಕ್ಕೆ ಇಲ್ಲಿಂದಲೂ ಬಸ್ ತುಂಬ ಜನ ಹೋಗುತ್ತಾರಲ್ಲ, ಆ ಬಗೆಯದ್ದು. ಅದರಿಂದ ಬದುಕು ಬದಲಾದವರನ್ನು ನಾನು ಬಲ್ಲೆ, ಕುಡಿತ ಬಿಟ್ಟವರೂ ಇದ್ದಾರೆ. ಹಗುರವಾಗಿ ಮಾತಾಡಲಾರೆ. ಆದರೆ ಮಾತು ಸಾಕಾಗಿದೆ, ಮೌನ ಬೇಕು ಅನ್ನುವ ನೀವು ಅಲ್ಲಿಗೆ ಹೋದರೆ ತಲೆನೋವು ತೆಗೆದುಕೊಂಡು ಬರುತ್ತೀರಿ. ಬುಕ್ ಮಾಡುವ ಮುಂಚೆ ಫೋನಿನಲ್ಲಿ ಒಂದೇ ಪ್ರಶ್ನೆ ಕೇಳಿ: 'ಊಟದ ಹೊತ್ತಿನಲ್ಲೂ ಮೌನ ಇರುತ್ತಾ?' ಉತ್ತರ ಬರುವ ರೀತಿಯಲ್ಲೇ ಎಲ್ಲ ಗೊತ್ತಾಗುತ್ತದೆ.

ಮೌನದ ಕೂಟಗಳಲ್ಲೂ ಎರಡು ದಾರಿ ಇವೆ. ಜೆಸ್ವಿಟ್ ಎಂಬ ಕ್ಯಾಥೊಲಿಕ್ ಸಂಘದ ಗುರುಗಳು ನಡೆಸುವುದು ಸಂತ ಇಗ್ನೇಷಿಯಸ್ ಲೊಯೋಲರ ದಾರಿ. ಸೈನಿಕರಾಗಿದ್ದ ಇಗ್ನೇಷಿಯಸ್ ಗಾಯಗೊಂಡು, ಮನಸ್ಸು ಬದಲಾಗಿ, 1522ರಲ್ಲಿ ಸ್ಪೇನಿನ ಮನ್ರೇಸಾದಲ್ಲಿ ತಿಂಗಳುಗಟ್ಟಲೆ ಪ್ರಾರ್ಥಿಸುತ್ತಾ ಕಂಡುಕೊಂಡದ್ದನ್ನು ಆಧ್ಯಾತ್ಮಿಕ ಸಾಧನೆಗಳ ಕ್ರಮವಾಗಿ ಬರೆದಿಟ್ಟರು. ಪೂರ್ತಿ ಮಾಡಿದರೆ ಮೂವತ್ತು ದಿನ. ಎಂಟು ದಿನದ ರೂಪವೇ ಹೆಚ್ಚು ಬಳಕೆಯಲ್ಲಿದೆ. ಇಲ್ಲಿ ಪದ ಜಪಿಸುವುದಿಲ್ಲ, ಚಿತ್ರ ಕಟ್ಟಿಕೊಳ್ಳುತ್ತೀರಿ. ಗಲಿಲೇಯ ಸರೋವರದ ದೋಣಿಯಲ್ಲಿ ನೀವೂ ಕೂತಿದ್ದೀರಿ, ಅಲೆ ಏಳುತ್ತಿದೆ, ಯೇಸು ನಿದ್ದೆ ಮಾಡುತ್ತಿದ್ದಾರೆ. ಆಗ ನಿಮ್ಮೊಳಗೆ ಏನಾಗುತ್ತದೆ ಅಂತ ನೋಡಿಕೊಳ್ಳುವುದು. ದಿನಕ್ಕೊಮ್ಮೆ ಮಾರ್ಗದರ್ಶಕರ ಜೊತೆ ಕೂತು ಮಾತಾಡುವುದು ಇದರ ದೊಡ್ಡ ಬಲ. ನನಗೆ ಅಂದು ಸಿಗದೆ ಹೋದದ್ದು ಅದೇ. ಮಂಗಳೂರಿನ ಫಾತಿಮಾ ರಿಟ್ರೀಟ್ ಹೌಸ್ ಈ ದಾರಿಗೆ ನಮ್ಮ ಕಡೆ ಹೆಸರಾದ ಜಾಗ. ಮಹಾರಾಷ್ಟ್ರದಲ್ಲಿ ಆಂತೋನಿ ಡಿ ಮೆಲ್ಲೊ ಎಂಬ ಜೆಸ್ವಿಟ್ ಗುರುಗಳು, ಉಸಿರು, ಮೈಯ ಸಂವೇದನೆಗಳನ್ನು ಗಮನಿಸುವುದನ್ನೂ ಸೇರಿಸಿ 'ಸಾಧನಾ' ಎಂಬ ತರಬೇತಿ ಕಟ್ಟಿದರು. 1987ರಲ್ಲಿ ಅವರು ತೀರಿಕೊಂಡ ಮೇಲೆ, 1998ರಲ್ಲಿ, ಅವರ ಕೆಲವು ವಿಚಾರಗಳ ಬಗ್ಗೆ ವ್ಯಾಟಿಕನ್ ಎಚ್ಚರಿಕೆ ಹೊರಡಿಸಿತು. ಆ ಹೆಸರು ಕೇಳಿ ಯಾರಾದರೂ ಮುಖ ಗಂಟಿಕ್ಕಿದರೆ ಕಾರಣ ಅದು.

ಇನ್ನೊಂದು ಆಶ್ರಮದ ದಾರಿ. ಇದರ ದೊಡ್ಡ ಹೆಸರು ಶಾಂತಿವನ. ತಮಿಳುನಾಡಿನ ಕುಳಿತಲೈ ಹತ್ತಿರ, ಕಾವೇರಿ ದಡದಲ್ಲಿದೆ. ಕೊಡಗಿನಿಂದ ಹೊರಟ ಅದೇ ನಮ್ಮ ಕಾವೇರಿ. 1950ರಲ್ಲಿ ಜೂಲ್ಸ್ ಮೊನ್ಶನಾಂ ಮತ್ತು ಅಭಿಷಿಕ್ತಾನಂದ ಎಂಬ ಇಬ್ಬರು ಫ್ರೆಂಚ್ ಗುರುಗಳು ಸಚ್ಚಿದಾನಂದ ಆಶ್ರಮ ಅಂತ ಶುರು ಮಾಡಿದರು. 1968ರಿಂದ ನಡೆಸಿದವರು ಬೀಡ್ ಗ್ರಿಫಿತ್ಸ್ ಎಂಬ ಇಂಗ್ಲಿಷ್ ಸನ್ಯಾಸಿ. ಅವರು 1955ರಲ್ಲಿ ಭಾರತಕ್ಕೆ ಬಂದಾಗ ಮೊದಲು ನೆಲೆ ನಿಂತದ್ದು ನಮ್ಮ ಕೆಂಗೇರಿಯಲ್ಲಿ. ಕಾವಿ ಬಟ್ಟೆ, ಸಸ್ಯಾಹಾರ, ಪ್ರಾರ್ಥನೆಯಲ್ಲಿ ಬೈಬಲ್ ಜೊತೆ ಉಪನಿಷತ್ತಿನ ಓದು, ಸೂರ್ಯ ಹುಟ್ಟುವಾಗ ಮುಳುಗುವಾಗ ಧ್ಯಾನ. 1991ರಲ್ಲಿ ಜಾನ್ ಮೇನ್ ಅವರ ಧ್ಯಾನದ ಗುಂಪುಗಳೆಲ್ಲ ಒಂದಾದ ಸಮಾವೇಶದಲ್ಲಿ ಮಾತಾಡಿದವರೂ ಇವರೇ. ಅಷ್ಟು ದೂರ ಯಾಕೆ, ಮೈಸೂರಿನಲ್ಲೇ ಚಾಮುಂಡಿ ಬೆಟ್ಟದ ತಪ್ಪಲಲ್ಲಿ ಅಂಜಲಿ ಆಶ್ರಮ ಇದೆ. ಕಟ್ಟಿದವರು ಡಿ.ಎಸ್. ಅಮಲೋರ್‌ಪವದಾಸ್ ಎಂಬ ಕ್ಯಾಥೊಲಿಕ್ ಗುರು. 1967ರಲ್ಲಿ ಬೆಂಗಳೂರಿನಲ್ಲಿ ಎನ್‌ಬಿಸಿಎಲ್‌ಸಿ ಎಂಬ, ಬೈಬಲ್, ಧರ್ಮಬೋಧೆ, ಪೂಜಾವಿಧಿಗಳ ಕ್ಯಾಥೊಲಿಕ್ ಕೇಂದ್ರ ಶುರು ಮಾಡಿದವರೂ ಅವರೇ. ಆಮೇಲೆ ಮೈಸೂರು ವಿಶ್ವವಿದ್ಯಾಲಯದಲ್ಲಿ ಕ್ರೈಸ್ತ ಧರ್ಮ ಅಧ್ಯಯನದ ಪ್ರಾಧ್ಯಾಪಕರಾಗಿ ಬಂದರು. 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು, ಆಶ್ರಮ ಉಳಿದಿದೆ. ಬೆಂಗಳೂರು ಮೈಸೂರು ರಸ್ತೆಯಲ್ಲಿ ಕುಂಬಳಗೋಡಿನ ಬಳಿ ಆಶೀರ್ವನ ಎಂಬ ಬೆನೆಡಿಕ್ಟೈನ್ ಮಠವೂ ಇದೆ. ಅಲ್ಲಿ ತರಬೇತಿಗಿಂತ ಸನ್ಯಾಸಿಗಳ ದಿನಚರಿಯೇ ಪಾಠ. ಗಂಟೆ ಹೊಡೆದಾಗ ಅವರ ಜೊತೆ ಕೂತು ಕೀರ್ತನೆ ಹೇಳುವುದು, ಉಳಿದ ಹೊತ್ತು ಸುಮ್ನೆ ಇರುವುದು.

ಎರಡು ದಾರಿಯನ್ನೂ ಒಂದೇ ಸಲ ಹಿಡಿಯಬೇಡಿ. ನೀವೀಗ ಪದ ಹಿಡಿದು ಕೂರಲು ಹೊರಟವರು, ಮೊದಲ ಸಲಕ್ಕೆ ಆಶ್ರಮ ಅಥವಾ ಮಠ ಹೊಂದುತ್ತದೆ. ಎರಡು ರಾತ್ರಿ, ಜಾಸ್ತಿ ಅಂದರೆ ಮೂರು. ಅದೂ ಮನೆಯಲ್ಲಿ ಮೂರು ತಿಂಗಳು ಕೂತ ಮೇಲೆ. ಎಂಟು ದಿನದ್ದು ಇನ್ನೊಂದೆರಡು ವರ್ಷ ಕಾಯಲಿ.

ಒಂದು ವಿಷಯ ನೀವು ಬರೆದಿಲ್ಲ, ಆದರೂ ಕೇಳಬೇಕು. ಎರಡು ವರ್ಷದಿಂದ ಪ್ರಾರ್ಥನೆ ಒಣಗಿದೆ ಅಂದಿರಿ. ಪ್ರಾರ್ಥನೆ ಮಾತ್ರವೋ? ಅಡುಗೆ, ಪಾಠ, ಗೆಳತಿಯರ ಜೊತೆ ಹರಟೆ, ಇವೂ ಸಪ್ಪೆಯಾಗಿವೆಯೋ? ನಿದ್ದೆ ಸರಿ ಬರುತ್ತಿದೆಯೋ? ಎಲ್ಲವೂ ಸಪ್ಪೆಯಾಗಿದ್ದರೆ ಮೊದಲು ವೈದ್ಯರನ್ನು ನೋಡಿ. ಮನಸ್ಸಿನ ಕಾಯಿಲೆಗೆ ಈಗಾಗಲೇ ಮಾತ್ರೆ ತೆಗೆದುಕೊಳ್ಳುವವರು ಧ್ಯಾನ ಶುರು ಮಾಡಿದೆ ಅಂತ ಅದನ್ನು ನಿಲ್ಲಿಸಬಾರದು. ದಿನಗಟ್ಟಲೆ ಮೌನಕ್ಕೆ ಹೋಗುವ ಮುಂಚೆ ವೈದ್ಯರಿಗೂ, ಕೂಟ ನಡೆಸುವವರಿಗೂ ಹೇಳಬೇಕು. ಇತ್ತೀಚೆಗೆ ಮನೆಯಲ್ಲಿ ಸಾವಾಗಿದ್ದರೂ ಅಷ್ಟೇ. ಮೌನದಲ್ಲಿ ಮುಚ್ಚಿಟ್ಟದ್ದೆಲ್ಲ ಮೇಲೆ ಬರುತ್ತದೆ, ಆಗ ಜೊತೆಗೆ ಒಬ್ಬರು ಇರಬೇಕು. ಇಂಥದ್ದನ್ನು ಕೇಳಿದಾಗ 'ಪ್ರಾರ್ಥನೆ ಮಾಡಿ, ಎಲ್ಲ ಸರಿಹೋಗುತ್ತೆ' ಅಂತ ಮಾತ್ರ ಹೇಳುವ ಜಾಗಕ್ಕೆ ಹೋಗಬೇಡಿ.

ಬೇಸಿಗೆ ರಜೆ ಹತ್ತಿರವಿದ್ದರೆ ಈಗ ಕೂಟಕ್ಕೆ ಬುಕ್ ಮಾಡಬೇಡಿ, ಹತ್ತು ನಿಮಿಷದ್ದನ್ನು ಶುರು ಮಾಡಿ. ದಸರಾ ರಜೆಗೆ ಎರಡು ರಾತ್ರಿ ಇಟ್ಟುಕೊಳ್ಳಿ. ಮೈಸೂರಿನಲ್ಲಿ ದಸರೆಯ ಹೊತ್ತಿಗೆ ಬಸ್ಸು, ರೈಲು, ರೂಮು ಯಾವುದೂ ಸಿಗುವುದಿಲ್ಲ, ಅದಕ್ಕೇ ಮೊದಲೇ ಫೋನ್ ಮಾಡಿ ದಿನ ಗೊತ್ತುಮಾಡಿ. ಕಾಣಿಕೆ ಎಷ್ಟು ಅಂತ ಸಂಕೋಚವಿಲ್ಲದೆ ಕೇಳಿ, ಕಷ್ಟ ಇದ್ದರೆ ಅದನ್ನೂ ಹೇಳಿ. ಒಂದು ಶಾಲು, ಟಾರ್ಚು, ಸೊಳ್ಳೆ ಮುಲಾಮು ಇರಲಿ. ತಿದ್ದಬೇಕಾದ ಪೇಪರ್ ಕಟ್ಟನ್ನು ಮಾತ್ರ ಮನೆಯಲ್ಲೇ ಬಿಟ್ಟು ಹೋಗಿ.